ಪ್ಯಾಕೆಟ್ ಹಿಂದಿನ ನಂಬರ್ ಎಣಿಸಿದರೆ ಏನು ಗೊತ್ತಾಗುತ್ತದೆ?

ಪ್ರಶ್ನೆ: ಮಗನಿಗೆ 13 ವರ್ಷ, 45 ಕೆಜಿ ಇದ್ದಾನೆ. ಒಂದು ವಾರ ಅವನು ತಿಂದ ಪ್ಯಾಕೆಟ್‌ಗಳ ಹಿಂದಿನ ನಂಬರ್‌ಗಳನ್ನೆಲ್ಲ ಬರೆದಿಟ್ಟೆ. ಒಟ್ಟು 31 ಆದವು. ಇದು ತುಂಬಾ ಜಾಸ್ತಿ ಅಲ್ವಾ? ಎಷ್ಟಿದ್ದರೆ ಪರವಾಗಿಲ್ಲ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ಬದಲಾಗುವುದು ಲೆಕ್ಕ ಮಾತ್ರ. ಒಬ್ಬರದು 12, ಇನ್ನೊಬ್ಬರದು 40. ಕೂತು ಬರೆದಿಟ್ಟಿದ್ದೀರಲ್ಲ, ಅದಕ್ಕೆ ಮೆಚ್ಚುಗೆ ಇದೆ. ಆದರೆ ನೀವು ಎಣಿಸಿದ್ದು ಹೆಸರುಗಳನ್ನು, ಪ್ರಮಾಣವನ್ನಲ್ಲ. ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸಿ, ಅವರೆಲ್ಲರ ತೂಕ ಎಷ್ಟು ಅಂತ ಹೇಳಲು ಹೊರಟ ಹಾಗಾಯಿತು ಇದು.

ಮೊದಲು ಈ ನಂಬರಿನ ಭೂತ ಬಿಡಿಸೋಣ.

ನಂಬರ್ ಇದ್ದರೆ ವಿಷ ಅಂತ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಯುರೋಪಿನಲ್ಲಿ ಮುಂದೆ 'ಇ' ಹಾಕಿ, ಬೇರೆ ಕಡೆ 'ಐಎನ್‌ಎಸ್' ಅಂತ ಬರೆಯುವ ಈ ಅಂಕಿ, ಆಹಾರಕ್ಕೆ ಸೇರಿಸುವ ಬಣ್ಣ, ಹುಳಿ, ಸಿಹಿ, ಕೆಡದಂತೆ ತಡೆಯುವ ಪದಾರ್ಥ ಇವುಗಳಿಗೆ ಕೊಟ್ಟ ಗುರುತು, ಹಾಜರಿ ಪುಸ್ತಕದ ಕ್ರಮಸಂಖ್ಯೆ ಇದ್ದ ಹಾಗೆ. ರಾಸಾಯನಿಕಗಳ ಉದ್ದುದ್ದ ಹೆಸರು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ, ಅಂಕಿ ಬದಲಾಗುವುದಿಲ್ಲ. 300 ಅಂದರೆ ವಿಟಮಿನ್ ಸಿ. 101 ಅಂದರೆ ವಿಟಮಿನ್ ಬಿ2. 160ಡಿ ಅಂದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೊಪೀನ್. 948 ಯಾವುದು ಗೊತ್ತಾ? ಆಮ್ಲಜನಕ. ಇದನ್ನು ಓದುತ್ತಾ ನೀವು ಎಳೆದುಕೊಳ್ಳುತ್ತಿರುವುದೂ ಅದನ್ನೇ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಯಾರಾದರೂ ಕೈ ಎತ್ತುತ್ತಾರೆ. "ಆದರೆ ಮೇಡಂ, 330 ಕ್ಯಾನ್ಸರ್ ತರುತ್ತದಂತೆ?" ಈ 330ರ ಕಥೆ ಸ್ವಾರಸ್ಯವಾಗಿದೆ, ಕೇಳಿ. 1976ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಟೈಪ್ ಮಾಡಿದ ಒಂದು ಚೀಟಿ ಕೈಯಿಂದ ಕೈಗೆ ಹರಿದಾಡಿತು. ಪ್ಯಾರಿಸ್ ಪಕ್ಕದ ವಿಲ್‌ಜುಯಿಫ್‌ನ ಆಸ್ಪತ್ರೆಯೇ ಇದನ್ನು ಬರೆದದ್ದು ಅನ್ನುವ ಹಾಗಿತ್ತು ಚೀಟಿ. ಅದರಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಅಂತ ಹೆಸರು ಪಡೆದದ್ದು 330. ನಮಗೂ ಈ ಚೀಟಿಗೂ ಸಂಬಂಧವಿಲ್ಲ ಅಂತ ಆಸ್ಪತ್ರೆಯವರು ಹೇಳಿದರು. ಯಾರು ಕೇಳುತ್ತಾರೆ? ಜನ ನಕಲು ಮಾಡಿ ಹಂಚಿದರು, ಬೇರೆ ಬೇರೆ ದೇಶಗಳಿಗೂ ಅದು ದಾಟಿತು.

ಹಾಗಾದರೆ 330 ಅಂದರೆ ಏನು? ಸಿಟ್ರಿಕ್ ಆಮ್ಲ. ನಿಂಬೆಹಣ್ಣಿನ ಹುಳಿ! ನಮ್ಮ ಜೀವಕೋಶಗಳು ಆಹಾರದಿಂದ ಶಕ್ತಿ ತೆಗೆಯುವಾಗ ದಿನವಿಡೀ ಇದೇ ಆಮ್ಲವನ್ನು ತಯಾರಿಸಿ, ಬಳಸಿ, ಮತ್ತೆ ತಯಾರಿಸುತ್ತಿರುತ್ತವೆ. 1937ರಲ್ಲಿ ಈ ಚಕ್ರವನ್ನು ವಿವರಿಸಿದವರು ಹ್ಯಾನ್ಸ್ ಕ್ರೆಬ್ಸ್. 1953ರಲ್ಲಿ ಅವರಿಗೆ ನೊಬೆಲ್ ಬಂತು. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಏಡಿ. ಕ್ಯಾನ್ಸರ್‌ಗೂ ಅದೇ ಪದ. 'ಕ್ರೆಬ್ಸ್ ಚಕ್ರ' ಅಂತ ಎಲ್ಲೋ ಓದಿದವರೊಬ್ಬರು ಅದನ್ನು 'ಕ್ಯಾನ್ಸರ್ ಚಕ್ರ' ಅಂದುಕೊಂಡರು ಅನ್ನುವುದು ಎಲ್ಲರೂ ಹೇಳುವ ವಿವರಣೆ. ಪಾಪ, ಒಬ್ಬ ವಿಜ್ಞಾನಿಯ ಮನೆತನದ ಹೆಸರಿನಿಂದ ನಿಂಬೆಹುಳಿಗೆ ಕಳಂಕ ಬಂತು. ಐವತ್ತು ವರ್ಷ ಆಗುತ್ತಾ ಬಂತು, ಅದೇ ಚೀಟಿ ಈಗ ಫೋನಿನಲ್ಲಿ ಫಾರ್ವರ್ಡ್ ಆಗಿ ಬರುತ್ತಿದೆ. ನನಗಂತೂ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಹಾಗಂತ ಎಲ್ಲ ನಂಬರ್‌ಗಳೂ ಸಾಧು ಅಂತ ನಾನು ಹೇಳುತ್ತಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3 ವರ್ಷದ ಮತ್ತು 8-9 ವರ್ಷದ ಮಕ್ಕಳ ಮೇಲೆ ಆಹಾರದ ಕೃತಕ ಬಣ್ಣಗಳ ಬಗ್ಗೆ ಒಂದು ಅಧ್ಯಯನ ನಡೆಯಿತು. ಅದಾದ ಮೇಲೆ, 102 ಅನ್ನುವ ಹಳದಿ ಬಣ್ಣ ಸೇರಿ ಆರು ಬಣ್ಣಗಳಿರುವ ತಿಂಡಿ-ಪಾನೀಯಗಳ ಮೇಲೆ "ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಆಗಬಹುದು" ಅನ್ನುವ ಎಚ್ಚರಿಕೆಯನ್ನು 2010ರಲ್ಲಿ ಯುರೋಪಿಯನ್ ಒಕ್ಕೂಟ ಕಡ್ಡಾಯ ಮಾಡಿತು. 171, ಅಂದರೆ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಬಣ್ಣ, 2022ರಲ್ಲಿ ಅಲ್ಲಿ ನಿಷೇಧವೇ ಆಯಿತು. ಈಗ ನಿಮ್ಮ 31ರ ಪಟ್ಟಿ ನೋಡಿ. ಅದರಲ್ಲಿ ವಿಟಮಿನ್ ಸಿಗೂ ಒಂದು ಅಂಕ, 102ಕ್ಕೂ ಒಂದು ಅಂಕ.

ಸರಿ, ನಿಜವಾದ ಲೆಕ್ಕ ಹೇಗೆ? ಪ್ರಾಣಿಗಳಿಗೆ ಕೊಟ್ಟು ನೋಡಿ, ಯಾವ ಪ್ರಮಾಣದವರೆಗೆ ಏನೂ ತೊಂದರೆ ಕಾಣುವುದಿಲ್ಲವೋ ಅದನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಪ್ರಾಣಿಗೂ ಮನುಷ್ಯನಿಗೂ ವ್ಯತ್ಯಾಸ ಇರುವುದಕ್ಕೆ ಒಂದು 10, ಮನುಷ್ಯರಲ್ಲೇ ಒಬ್ಬರಂತೆ ಇನ್ನೊಬ್ಬರಿಲ್ಲ ಅನ್ನುವುದಕ್ಕೆ ಇನ್ನೊಂದು 10. ಬಂದ ಅಂಕಿಯೇ ಎಡಿಐ, ಅಂದರೆ ದಿನಕ್ಕೆ ಒಪ್ಪಬಹುದಾದ ಸೇವನೆ. ಜೀವನಪೂರ್ತಿ ದಿನಾ ತಿಂದರೂ ಪರವಾಗಿಲ್ಲ ಅನ್ನುವ ಪ್ರಮಾಣ ಅದು. ಅದನ್ನು ಹೇಳುವುದು ದೇಹದ ತೂಕದ ಪ್ರತಿ ಕೆಜಿಗೆ ಇಷ್ಟು ಮಿಲಿಗ್ರಾಂ ಅಂತ. ಮಕ್ಕಳ ವಿಷಯದಲ್ಲಿ ಲೆಕ್ಕ ಬಿಗಿಯಾಗುವುದು ಇಲ್ಲೇ.

ಉದಾಹರಣೆಗೆ ಸಕ್ಕರೆ ಬದಲು ಹಾಕುವ ಸಿಹಿಕಾರಕ ಅಸ್ಪಾರ್ಟೇಮ್ (951) ನೋಡಿ. ಎಡಿಐ ಕೆಜಿಗೆ 40 ಮಿಲಿಗ್ರಾಂ. ನಿಮ್ಮ ಮಗನಿಗೆ ದಿನಕ್ಕೆ 1800. ಅವನಿಗೆ 15 ಕೆಜಿಯ ತಂಗಿ ಇದ್ದರೆ ಅವಳಿಗೆ 600. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200 ಇದೆ ಅಂತಿಟ್ಟುಕೊಂಡರೆ ಅವನಿಗೆ ಒಂಬತ್ತು ಕ್ಯಾನ್, ಅವಳಿಗೆ ಬರೀ ಮೂರು. ಅಂಗಡಿಯ ಕ್ಯಾನ್ ಮಾತ್ರ ಇಬ್ಬರಿಗೂ ಒಂದೇ ಅಳತೆಯದು. ಒಂದು ದಿನ ಗೆರೆ ದಾಟಿದರೆ ಅದು ವಿಷವಾಗುವುದಿಲ್ಲ. ದಿನಾ ದಾಟುತ್ತಿದ್ದರೆ ಆಗ ಯೋಚಿಸಬೇಕು.

ಇಡೀ ದೇಶದ ಮಕ್ಕಳು ಇಂಥ ಪದಾರ್ಥ ಎಷ್ಟು ತಿನ್ನುತ್ತಾರೆ ಅಂತ ಲೆಕ್ಕ ಹಾಕುವವರು ಮೊದಲು ಅತಿ ಕೆಟ್ಟದ್ದನ್ನೇ ಊಹಿಸುತ್ತಾರೆ. ಕಾನೂನು ಎಷ್ಟಕ್ಕೆ ಬಿಟ್ಟಿದೆಯೋ ಅಷ್ಟನ್ನೂ ಎಲ್ಲ ಕಂಪನಿಗಳೂ ಹಾಕಿವೆ ಅಂತ. ಹಾಗಿದ್ದೂ ಗೆರೆಯೊಳಗೆ ಬಂದರೆ ಕೆಲಸ ಮುಗಿಯಿತು. ದಾಟಿದರೆ ಕಂಪನಿಗಳು ನಿಜವಾಗಿ ಹಾಕುವ ಪ್ರಮಾಣ ಕೇಳುತ್ತಾರೆ, ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಸರಾಸರಿ ಮಗುವನ್ನು ನೋಡಿದರೆ ಸಾಲದು. ದಿನಾ ಒಂದೇ ಬ್ರ್ಯಾಂಡಿಗೆ ಅಂಟಿಕೊಂಡವರನ್ನು, ಎಲ್ಲರಿಗಿಂತ ಜಾಸ್ತಿ ತಿನ್ನುವವರನ್ನು ಬೇರೆಯಾಗಿ ನೋಡುತ್ತಾರೆ.

ಕಷ್ಟ ಇರುವುದು, ಮಕ್ಕಳು ಏನು ತಿಂದರು ಅಂತ ತಿಳಿಯುವುದರಲ್ಲಿ. ಚಿಕ್ಕವರ ಪರವಾಗಿ ಅಪ್ಪ ಅಮ್ಮ ಬರೆಯುತ್ತಾರೆ, ಹೊರಗೆ ತಿಂದದ್ದು ಅವರಿಗೆ ಗೊತ್ತಿರುವುದಿಲ್ಲ. ಹದಿಹರೆಯದವರು ತಾವೇ ಬರೆಯುತ್ತಾರೆ, ಮಧ್ಯೆ ಮಧ್ಯೆ ಬಾಯಾಡಿಸಿದ್ದನ್ನು ಬಿಟ್ಟುಬಿಡುತ್ತಾರೆ. ಬರೀ "ಜ್ಯೂಸ್" ಅಂತ ಬರೆದರೆ ನಮಗೇನೂ ಉಪಯೋಗವಿಲ್ಲ. ಯಾವ ಬ್ರ್ಯಾಂಡ್, ಎಷ್ಟು ಮಿಲಿ ಅನ್ನುವುದು ಬೇಕು. ಹೀಗೆಲ್ಲ ಗುದ್ದಾಡಿದ ಮೇಲೆ ಸಿಗುವ ಉತ್ತರ ಕೆಲವೊಮ್ಮೆ ಯಾರೂ ಎದುರು ನೋಡದ್ದು. 2019ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆಹಾರಕ್ಕೆ ಸೇರಿಸುವ ಲವಣಗಳಾದ ಫಾಸ್ಫೇಟ್‌ಗಳ ಲೆಕ್ಕ ಹಾಕಿತು. ಶಿಶುಗಳು ಮತ್ತು ಚಿಕ್ಕ ಮಕ್ಕಳು ಸರಾಸರಿ ತಿಂದರೂ ಗೆರೆ ದಾಟಬಹುದು ಅಂತ ಕಂಡಿತು. ಆಹಾರದಲ್ಲಿ ಸಹಜವಾಗಿ ಇರುವ ಫಾಸ್ಫೇಟ್ ಕೂಡ ಆ ಲೆಕ್ಕದಲ್ಲಿ ಸೇರಿತ್ತು. ಫಾಸ್ಫೇಟ್ ಬಗ್ಗೆ ನನಗೆ ಇದುವರೆಗೆ ಒಬ್ಬರೂ ಪತ್ರ ಬರೆದಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಇದೆ, ಹೇಳಿಬಿಡುತ್ತೇನೆ. ಜನ ನಂಬರ್‌ಗೆ ಹೆದರುತ್ತಾರೆ ಅಂತ ಕಂಪನಿಗಳಿಗೂ ಗೊತ್ತು. ಅನೇಕ ದೇಶಗಳ ನಿಯಮದಲ್ಲಿ ಅಂಕಿ ಅಥವಾ ಹೆಸರು, ಯಾವುದನ್ನಾದರೂ ಬರೆಯಬಹುದು. ಅಂಕಿ ತೆಗೆದು ಹೆಸರು ಹಾಕಿದರೆ ಆಯಿತು, ಪ್ಯಾಕೆಟ್ ಶುದ್ಧವಾಗಿ ಕಾಣುತ್ತದೆ. ಸಂಸ್ಕರಿಸಿದ ಮಾಂಸದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 250, ಅಂದರೆ ಮಾಂಸ ಕೆಡದಂತೆ ತಡೆಯುವ ಸೋಡಿಯಂ ನೈಟ್ರೈಟ್ ಬದಲು ಸೆಲರಿ ಅನ್ನುವ ತರಕಾರಿಯ ಪುಡಿ ಹಾಕುತ್ತಾರೆ. ಸೆಲರಿಯಲ್ಲಿ ನೈಟ್ರೇಟ್ ಹೇರಳ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ತರಕಾರಿಯಿಂದ ಬಂತೋ ಡಬ್ಬದಿಂದ ಬಂತೋ, ದೇಹಕ್ಕೆ ಎರಡೂ ಒಂದೇ. ನೈಟ್ರೈಟ್‌ನ ಎಡಿಐ ಕೆಜಿಗೆ 0.07 ಮಿಲಿಗ್ರಾಂ. ನಿಮ್ಮ 45 ಕೆಜಿಯ ಹುಡುಗನಿಗೆ ದಿನಕ್ಕೆ 3 ಮಿಲಿಗ್ರಾಂ ಚಿಲ್ಲರೆ. ಸೆಲರಿ ಪುಡಿಗೆ ನಂಬರ್ ಇಲ್ಲ. ಹಾಗಾಗಿ ನಿಮ್ಮ 31ರಲ್ಲಿ ಅದು ಸಿಕ್ಕಿಯೇ ಇರುವುದಿಲ್ಲ.