‘ಎಲ್ಲಿದ್ದೀರಿ?’ ಅಂದರೆ ಫೋನೇ ಹೇಳುತ್ತದೆ

ಅಪಾಯದಲ್ಲಿರುವ ಹೆಣ್ಣುಮಗಳೊಬ್ಬಳು ಸಹಾಯಕ್ಕೆ ಕರೆ ಮಾಡಿದರೆ ಆ ಕಡೆಯವರು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಎಲ್ಲಿದ್ದೀರಿ?’ ಗೊತ್ತಿಲ್ಲದ ರಸ್ತೆ, ಓಡುತ್ತಿರುವ ಕಾರು, ಪಕ್ಕದಲ್ಲೇ ಬೆದರಿಸುವವನು. ವಿಳಾಸ ಹೇಳುವುದಾದರೂ ಹೇಗೆ? ಮೊಬೈಲ್ ನಿಜಕ್ಕೂ ಕೈ ಹಿಡಿಯುವುದು ಇಲ್ಲೇ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಾವೆಲ್ಲಿದ್ದೇವೆ, ಸಮಯ ಎಷ್ಟು ಎಂದು ಸಾರುತ್ತಲೇ ಇರುತ್ತವೆ. ಆ ಸಂಕೇತ ಬರಲು ಹಿಡಿದ ಸಮಯದಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಸಂಕೇತದ್ದು ಬೆಳಕಿನ ವೇಗ. ಸಮಯ ಸೆಕೆಂಡಿನ 100 ಕೋಟಿಯಲ್ಲೊಂದು ಪಾಲು ತಪ್ಪಿದರೂ ದೂರ 30 ಸೆಂ.ಮೀ. ತಪ್ಪುತ್ತದೆ! ಫೋನಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲ. ಅದಕ್ಕೇ ಮೂರು ಉಪಗ್ರಹ ಸಾಲದು, ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದೂ ಬೇಕು. ಬಯಲಲ್ಲಾದರೆ ಸುಮಾರು 5 ಮೀಟರ್ ಆಚೀಚೆ ಜಾಗ ಸಿಗುತ್ತದೆ. ಕಟ್ಟಡದೊಳಗೆ ಸಂಕೇತ ಸೊರಗುತ್ತದೆ, ಆಗ ವೈಫೈ ನೆರವಾಗುತ್ತದೆ. ಟವರ್ ಒಂದನ್ನೇ ನಂಬಿದರೆ ಕಿಲೋಮೀಟರುಗಟ್ಟಲೆ ತಪ್ಪಬಹುದು.

2014ರಲ್ಲಿ ಬ್ರಿಟನ್‌ನಲ್ಲಿ ಒಂದು ಜಾಣ ಏರ್ಪಾಡು ಶುರುವಾಯಿತು. ತುರ್ತು ಸಂಖ್ಯೆ ಒತ್ತಿದ ಕೂಡಲೇ ಫೋನ್ ತಾನೇ ಜಿಪಿಎಸ್ ಆನ್ ಮಾಡಿಕೊಂಡು, ಇರುವ ಜಾಗವನ್ನು ಎಸ್ಸೆಮ್ಮೆಸ್‌ನಲ್ಲಿ ಕಳಿಸಿಬಿಡುತ್ತದೆ. ಆ್ಯಪ್ ಬೇಡ, ಇಂಟರ್ನೆಟ್ಟೂ ಬೇಡ. ಈಗ ಹಲವು ದೇಶಗಳಲ್ಲಿ ಇದಿದೆ.

ಎಷ್ಟೋ ಫೋನ್‌ಗಳಲ್ಲಿ ಪವರ್ ಬಟನ್ನನ್ನು ಐದು ಸಲ ಬೇಗಬೇಗ ಒತ್ತಿದರೂ ತುರ್ತು ಕರೆ ಹೋಗುತ್ತದೆ. ಸುರಕ್ಷತೆಯ ಹೆಸರಿನ ಹತ್ತಾರು ಆ್ಯಪ್‌ಗಳಿಗಿಂತ ಇದೇ ಜಾಸ್ತಿ ಉಪಯೋಗ ಅಂತ ನನಗನ್ನಿಸುತ್ತದೆ. ಕೈ ನಡುಗುವಾಗ ಆ್ಯಪ್ ಹುಡುಕೋಕಾಗಲ್ಲ, ಅಲ್ವಾ? ಒಂದು ಮಾತು. ಕೆಲವು ಫೋನ್‌ಗಳು ಕರೆ ಹೋಗುವ ಮುಂಚೆ ಜೋರಾಗಿ ಸದ್ದು ಮಾಡುತ್ತವೆ. ಸದ್ದಾದರೆ ಕೆಲವೊಮ್ಮೆ ಒಳ್ಳೆಯದೇ, ಆದರೆ ಅವಿತು ಕೂತವಳಿಗೆ ಅದೇ ಅಪಾಯ. ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ.

ಇನ್ನು, ಬೆದರಿಕೆ ಮನೆಯೊಳಗೇ ಇದ್ದರೆ? ಕಾಪಾಡಬೇಕಾದ ಲೊಕೇಶನ್ನೇ ಆಗ ಅವಳ ಮೇಲೆ ಕಣ್ಣಿಡುವ ಬೇಹುಗಾರನಾಗುತ್ತದೆ. ಬ್ಯಾಗಿನಲ್ಲಿ ಯಾರೋ ಟ್ರ್ಯಾಕರ್ (ಇರುವ ಜಾಗ ತಿಳಿಸುವ ಪುಟ್ಟ ಸಾಧನ) ಬಚ್ಚಿಟ್ಟಿದ್ದರೆ ಆಂಡ್ರಾಯ್ಡ್, ಐಫೋನ್ ಎರಡೂ ಎಚ್ಚರಿಸುವಂತೆ 2024ರಲ್ಲಿ ಆ್ಯಪಲ್ ಮತ್ತು ಗೂಗಲ್ ಒಂದೇ ಕ್ರಮ ತಂದವು. ಫೋನಿನಲ್ಲೇ ಕೂತ ಬೇಹು ಆ್ಯಪ್ ಹಿಡಿಯುವುದು ಇನ್ನೂ ಕಷ್ಟ. ಸಿಕ್ಕಿತೆಂದು ಥಟ್ಟನೆ ತೆಗೆದುಹಾಕಿದರೆ ಅದನ್ನು ಹಾಕಿದವನಿಗೆ ಗೊತ್ತಾಗಿ ಸಿಟ್ಟು ಕೆರಳಬಹುದು. ಆ ಫೋನನ್ನು ಹಾಗೇ ಬಿಟ್ಟು, ನಂಬಿಕಸ್ಥರ ಫೋನಿನಿಂದ ಮೊದಲು ಸಹಾಯ ಕೇಳುವುದೇ ಲೇಸು.