ಸ್ಕಲ್ಪ್ಸಿಟ್: ಕೆತ್ತಿದನೋ, ಕೆತ್ತಿದಳೋ?

ಯುರೋಪಿನ ಹಳೆಯ ಸಚಿತ್ರ ಗ್ರಂಥಗಳಲ್ಲಿ ಚಿತ್ರದ ಕೆಳಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ಎಡಗಡೆ ಒಂದು ಹೆಸರು, ಅದರ ಮಗ್ಗುಲಲ್ಲಿ ‘ಡೆಲ್.’ ಅಥವಾ ‘ಪಿಂಕ್ಸ್.’ ಬಲಗಡೆ ಇನ್ನೊಂದು ಹೆಸರು, ಜೊತೆಗೆ ‘ಸ್ಕಲ್ಪ್.’ ಇವು ಲ್ಯಾಟಿನ್ ಕ್ರಿಯಾಪದಗಳ ಮೊಟಕು ರೂಪಗಳು. ಡೆಲಿನಿಯಾವಿಟ್ ಎಂದರೆ ರೇಖೆಯಲ್ಲಿ ಬಿಡಿಸಿದ್ದು, ಪಿಂಕ್ಸಿಟ್ ಎಂದರೆ ಬಣ್ಣದಲ್ಲಿ ಬರೆದದ್ದು, ಸ್ಕಲ್ಪ್ಸಿಟ್ ಎಂದರೆ ಅಚ್ಚು ಹಾಕಲು ತಾಮ್ರದ ತಗಡಿನ ಮೇಲೆ ಕೆತ್ತಿದ್ದು.

ನಾನು ಇಲ್ಲಿ ‘ಬಿಡಿಸಿದ್ದು’, ‘ಕೆತ್ತಿದ್ದು’ ಎಂದು ಜಾರಿಕೊಂಡೆ. ಸರಿಯಾಗಿ ಹೇಳಬೇಕೆಂದರೆ ಸ್ಕಲ್ಪ್ಸಿಟ್ ಅಂದರೆ ‘ಕೆತ್ತಿದನು’, ಇಲ್ಲವೇ ‘ಕೆತ್ತಿದಳು’. ಕನ್ನಡದ ಕ್ರಿಯಾಪದ ಕೊನೆಯ ಅಕ್ಷರದಲ್ಲೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ, ಲ್ಯಾಟಿನ್ನಿನದು ಹೇಳುವುದಿಲ್ಲ. ಹೆಸರಿನ ಮೊದಲಕ್ಷರ ಮತ್ತು ಮನೆತನದ ಹೆಸರು ಮಾತ್ರ ಇದ್ದಲ್ಲಿ ಓದುವವರು ‘ಕೆತ್ತಿದನು’ ಎಂದೇ ಓದಿಕೊಂಡರು. ಎಷ್ಟೋ ಹೆಂಗಸರ ಕೆಲಸ ಹೀಗೆ ಒಂದು ಪ್ರತ್ಯಯದೊಳಗೆ ಕಳೆದುಹೋಯಿತು ಎನ್ನುವುದು ನನ್ನನ್ನು ಕಾಡುವ ವಿಷಯ.

ಪಕ್ಷಿಗ್ರಂಥಗಳಿಗೆ ಹೆಸರಾದ ಜಾನ್ ಗೌಲ್ಡ್ ಅವರನ್ನೇ ನೋಡಿ. 1830ರ ದಶಕದಲ್ಲಿ ಬಂದ ಅವರ ಮೊದಲ ಗ್ರಂಥ ಹಿಮಾಲಯದ ಹಕ್ಕಿಗಳದು. ಅದರ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದ್ದು ಪತ್ನಿ ಎಲಿಜಬೆತ್. ಚಿತ್ರದಡಿ ಇರುವುದು ‘ಇ. ಗೌಲ್ಡ್’, ಮುಖಪುಟದಲ್ಲಿ ಇರುವುದು ಜಾನ್ ಹೆಸರು. ಎಂಟನೆಯ ಹೆರಿಗೆಯ ನಂತರ, 1841ರಲ್ಲಿ, ಆಕೆ ತೀರಿಕೊಂಡರು. ‘ಗೌಲ್ಡ್ ಹಕ್ಕಿಗಳು’ ಎಂದಾಗ ಜನರಿಗೆ ಇಂದಿಗೂ ನೆನಪಾಗುವುದು ಗಂಡನೇ.

ಇನ್ನೊಬ್ಬ ಎಲಿಜಬೆತ್ ಈ ಅಂಚನ್ನು ಬೇರೆಯೇ ರೀತಿ ತುಂಬಿದರು. ಗಂಡ ಅಲೆಕ್ಸಾಂಡರ್ ಸಾಲಕ್ಕಾಗಿ ಲಂಡನ್ನಿನ ಸೆರೆಮನೆ ಸೇರಿದಾಗ ಎಲಿಜಬೆತ್ ಬ್ಲ್ಯಾಕ್‌ವೆಲ್ ಚೆಲ್ಸಿಯ ಔಷಧಿ ತೋಟದ ಗಿಡಗಳನ್ನು ನೋಡಿ ಬರೆಯತೊಡಗಿದರು. 1737ರಿಂದ 1739ರವರೆಗೆ ಕಂತುಗಳಲ್ಲಿ ಹೊರಬಂದ ‘ಎ ಕ್ಯೂರಿಯಸ್ ಹರ್ಬಲ್’ನಲ್ಲಿ 500 ಚಿತ್ರಗಳಿವೆ. ಅವುಗಳ ಅಡಿಯಲ್ಲಿ ಹೀಗಿದೆ: ‘ಎಲಿಜ಼್. ಬ್ಲ್ಯಾಕ್‌ವೆಲ್ ಡೆಲಿನ್. ಸ್ಕಲ್ಪ್. ಎಟ್ ಪಿಂಕ್ಸ್.’ ಸಾಮಾನ್ಯವಾಗಿ ಮೂವರು ಹಂಚಿಕೊಳ್ಳುವ ಮೂರು ಕ್ರಿಯಾಪದಗಳು ಒಂದೇ ಹೆಸರಿನ ಬೆನ್ನಿಗೆ! ಬಿಡಿಸಿದ್ದು, ಕೆತ್ತಿದ್ದು, ಅಚ್ಚಾದ ಮೇಲೆ ಬಣ್ಣ ತುಂಬಿದ್ದು, ಎಲ್ಲ ಆಕೆಯೇ. ತಾಮ್ರದ ಮೇಲೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು ಎಂಬುದನ್ನು ನೆನೆದರೆ ಆ ಒಂದು ಸಾಲಿನ ಬೆಲೆ ತಿಳಿಯುತ್ತದೆ. ಪುಸ್ತಕದ ಆದಾಯದಿಂದ ಗಂಡನ ಬಿಡುಗಡೆಯೂ ಆಯಿತು.

ಈ ಸಾಲು ಉಳಿಯುವುದೂ ಅದೃಷ್ಟವೇ. ಪುಸ್ತಕದಿಂದ ಚಿತ್ರ ಕಿತ್ತು ಚೌಕಟ್ಟು ಹಾಕುವವರು ಮೊದಲು ಕತ್ತರಿಸುವುದು ಅಂಚನ್ನೇ.

ಇದೇ ಕ್ರಿಯಾಪದಗಳು ಅಚ್ಚಿಗಿಂತ ಹಳೆಯವು. 12ನೇ ಶತಮಾನದ ಒಂದು ಜರ್ಮನ್ ಹಸ್ತಪ್ರತಿ ಈಗ ಫ್ರಾಂಕ್‌ಫರ್ಟಿನಲ್ಲಿದೆ. ಅದರ ದೊಡ್ಡ ‘ಡಿ’ ಅಕ್ಷರದೊಳಗೆ ಗುಡಾ ಎಂಬ ಸನ್ಯಾಸಿನಿ ತನ್ನದೇ ಚಿತ್ರ ಬರೆದುಕೊಂಡಿದ್ದಾಳೆ; ಒಂದು ಕೈ ಅಕ್ಷರದ ಬಳ್ಳಿಯನ್ನು ಹಿಡಿದಿದೆ, ಇನ್ನೊಂದು ಮೇಲೆತ್ತಿದೆ. ಸುತ್ತ ಬರೆದಿರುವುದು: ಪಾಪಿ ಹೆಂಗಸು ಗುಡಾ ಈ ಪುಸ್ತಕವನ್ನು ಬರೆದಳು, ಚಿತ್ರಿಸಿದಳು. ‘ಸ್ಕ್ರಿಪ್ಸಿಟ್ ಎಟ್ ಪಿಂಕ್ಸಿಟ್.’ ಕ್ರಿಯಾಪದ ಹೇಳದ್ದನ್ನು ಹೇಳಲು ‘ಮುಲಿಯೆರ್’, ಅಂದರೆ ಹೆಂಗಸು, ಎಂಬ ಪದವನ್ನು ಆಕೆಯೇ ಸೇರಿಸಿದ್ದಾಳೆ.