ಓದುಗರ ಪ್ರಶ್ನೆ: ಸೂಪರ್‌ಹೀರೋಗೆ ಹೆಸರಿದ್ದರೆ ಸಾಕೇ, ಸಿನಿಮಾ ಚೆನ್ನಾಗಿರಲೇಬೇಕೇ?

ಪ್ರಶ್ನೆ: ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಅಂದರೆ ನಮ್ಮ ಉಡುಪಿಯ ಅಂಗನವಾಡಿ ಮಕ್ಕಳಿಗೂ ಗೊತ್ತು. ಅವರಿಬ್ಬರನ್ನೂ ಒಟ್ಟಿಗೆ ಹಾಕಿ ತೆಗೆದ ಸಿನಿಮಾ ಎರಡನೇ ವಾರಕ್ಕೇ ಸುಸ್ತಾಯಿತು. ಯಾರೂ ಹೆಸರು ಕೇಳದ ಒಂದು ಮರ, ಒಂದು ರಕೂನ್ ಇದ್ದ ಸಿನಿಮಾ ಭರ್ಜರಿಯಾಗಿ ಓಡಿತು. ಹಾಗಾದರೆ ಕಲೆಕ್ಷನ್ ಬರುವುದು ಪಾತ್ರದ ಜನಪ್ರಿಯತೆಯಿಂದಲೋ, ಸಿನಿಮಾದ ಗುಣಮಟ್ಟದಿಂದಲೋ?

ಉತ್ತರ: ಎರಡರಿಂದಲೂ. ಆದರೆ ಎರಡೂ ಕೆಲಸ ಮಾಡುವುದು ಬೇರೆ ಬೇರೆ ದಿನಗಳಲ್ಲಿ. ಶುಕ್ರವಾರದಿಂದ ಭಾನುವಾರದವರೆಗಿನ ಗಳಿಕೆ ಬಹುಪಾಲು ಪಾತ್ರದ ಹೆಸರಿನದ್ದು ಮತ್ತು ಅದೇ ಸರಣಿಯ ಹಿಂದಿನ ಸಿನಿಮಾದ್ದು. ಸೋಮವಾರದಿಂದ ಬರುವ ದುಡ್ಡು ಈ ಸಿನಿಮಾದ್ದು. ಈ ಸಿನಿಮಾ ಜನರ ಮನಸ್ಸಿನಲ್ಲಿ ಏನು ಬಿಟ್ಟುಹೋಯಿತು ಎಂಬುದರ ಪೂರ್ತಿ ಲೆಕ್ಕ ಸಿಗುವುದು ಮುಂದಿನ ಸಿನಿಮಾದ ಮೊದಲ ಶುಕ್ರವಾರ. ಸೂಪರ್‌ಹೀರೋ ಸಿನಿಮಾಗಳ ಗಳಿಕೆಯ ಬಗ್ಗೆ ನಡೆಯುವ ಅರ್ಧಕ್ಕರ್ಧ ಜಗಳ ಈ ಮೂರನ್ನು ಬೆರೆಸಿ ನೋಡುವುದರಿಂದಲೇ ಹುಟ್ಟುತ್ತದೆ.

ನೀವು ಹೇಳಿದ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಬಿಡುಗಡೆಯಾದದ್ದು 2016ರ ಮಾರ್ಚ್ 25ರಂದು, ಗುಡ್ ಫ್ರೈಡೇ ದಿನ. ಅಮೆರಿಕ, ಕೆನಡಾ ಮಾರುಕಟ್ಟೆಯಲ್ಲಿ ಮೊದಲ ಮೂರು ದಿನಕ್ಕೆ ಸುಮಾರು 16.6 ಕೋಟಿ ಡಾಲರ್ ಬಂತು. ಎರಡನೇ ವಾರಾಂತ್ಯದಲ್ಲಿ ಗಳಿಕೆ 69 ಶೇಕಡಾ ಕುಸಿಯಿತು. ಕೊನೆಗೆ ಅಲ್ಲಿನ ಒಟ್ಟು ಗಳಿಕೆ 33 ಕೋಟಿ ಡಾಲರ್. ಮುಂದಿನ ವರ್ಷ ಜೂನ್‌ನಲ್ಲಿ ಅದೇ ಸ್ಟುಡಿಯೋ, ಅದೇ ಕಥಾಲೋಕದಿಂದ ‘ವಂಡರ್ ವುಮನ್’ ತಂದಿತು. ಆ ಪಾತ್ರಕ್ಕೆ ಬ್ಯಾಟ್‌ಮ್ಯಾನ್‌ನಷ್ಟು ಹೆಸರಿರಲಿಲ್ಲ, ದೊಡ್ಡ ಪರದೆಯಲ್ಲಿ ಅವಳದ್ದೇ ಆದ ಸಿನಿಮಾ ಅದುವರೆಗೆ ಬಂದೇ ಇರಲಿಲ್ಲ. ಮೊದಲ ಮೂರು ದಿನಕ್ಕೆ ಬಂದದ್ದು ಸುಮಾರು 10.3 ಕೋಟಿ ಡಾಲರ್, ಅಂದರೆ ಹಿಂದಿನದಕ್ಕಿಂತ ಆರು ಕೋಟಿಗೂ ಹೆಚ್ಚು ಕಡಿಮೆ. ಆದರೆ ಎರಡನೇ ವಾರದ ಕುಸಿತ 43 ಶೇಕಡಾ ಮಾತ್ರ, ಕೊನೆಯ ಮೊತ್ತ 41.2 ಕೋಟಿ ಡಾಲರ್. ಹೆಸರಿನಲ್ಲಿ ಹಿಂದೆ ಇದ್ದವಳು ಎಂಟು ಕೋಟಿ ಡಾಲರ್ ಮುಂದೆ ಹೋದಳು.

ಇದನ್ನು ಅಳೆಯಲು ಒಂದು ಸುಲಭದ ಲೆಕ್ಕವಿದೆ. ಒಟ್ಟು ಗಳಿಕೆಯನ್ನು ಮೊದಲ ವಾರಾಂತ್ಯದ ಗಳಿಕೆಯಿಂದ ಭಾಗಿಸಿ. ವಂಡರ್ ವುಮನ್‌ಗೆ ಬರುವ ಉತ್ತರ 4. ಬ್ಯಾಟ್‌ಮ್ಯಾನ್–ಸೂಪರ್‌ಮ್ಯಾನ್ ಜೋಡಿಗೆ 2. ನೀವು ಹೇಳಿದ ಮರ–ರಕೂನ್ ಸಿನಿಮಾ, ಅಂದರೆ 2014ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಗೆ ಮೂರೂವರೆ. 2008ರ ‘ಐರನ್ ಮ್ಯಾನ್’ಗೆ 3.2. ಅಮೆರಿಕದ ಸೂಪರ್‌ಹೀರೋ ಸಿನಿಮಾಗಳಿಗೆ ಎರಡೂವರೆ ಸಾಧಾರಣ, ಮೂರು ದಾಟಿದರೆ ಜನ ಒಬ್ಬರಿಗೊಬ್ಬರು ಹೇಳಿ ಕಳಿಸುತ್ತಿದ್ದಾರೆ ಎಂದರ್ಥ, ಎರಡರ ಹತ್ತಿರ ಬಂದರೆ ಅಭಿಮಾನಿಗಳು ನೋಡಿ ಮುಗಿಸಿದ ಮೇಲೆ ಬೇರೆಯವರು ಬರಲಿಲ್ಲ ಎಂದರ್ಥ. 2023ರ ‘ದಿ ಮಾರ್ವೆಲ್ಸ್’ 1.8ಕ್ಕೆ ಇಳಿದಿತ್ತು.

ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. ಯಕ್ಷಗಾನದ ದೇವಿಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಯಾರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಇವತ್ತಿನ ಆಟದಲ್ಲಿ ಮಹಿಷಾಸುರನ ವೇಷ ಯಾರದ್ದು ಎಂದು ಕೇಳುತ್ತಾರೆ.

ಇನ್ನು ಎರಡನೇ ಅಂಶ, ಹಿಂದಿನ ಸಿನಿಮಾದ ಸಾಲ, ಅಂದರೆ ಅದು ಬಿಟ್ಟುಹೋದ ಹೆಸರು ಮುಂದಿನದಕ್ಕೆ ತಟ್ಟುವುದು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಆದರೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದೇ. 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಮೊದಲ ವಾರಾಂತ್ಯಕ್ಕೆ 4.3 ಕೋಟಿ ಡಾಲರ್ ತಂದಿತ್ತು. ಸಿನಿಮಾ ಯಾರಿಗೂ ಹಿಡಿಸಲಿಲ್ಲ. ಎಂಟು ವರ್ಷ ಬ್ಯಾಟ್‌ಮ್ಯಾನ್ ಪರದೆಗೇ ಬರಲಿಲ್ಲ. 2005ರಲ್ಲಿ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಬಂದಾಗ, ಅಷ್ಟು ಒಳ್ಳೆಯ ಸಿನಿಮಾಗೂ ಮೊದಲ ವಾರಾಂತ್ಯಕ್ಕೆ ಸಿಕ್ಕಿದ್ದು 4.9 ಕೋಟಿ ಡಾಲರ್‌ನಷ್ಟೇ. ಟಿಕೆಟ್ ದರ ಅಷ್ಟರಲ್ಲಿ ಏರಿತ್ತು, ಹಾಗಾಗಿ ಬಂದ ಜನರ ಸಂಖ್ಯೆ ಹೆಚ್ಚಾಗಿರಲಿಲ್ಲ. ಆದರೆ ಬಂದವರು ಊರೆಲ್ಲ ಹೇಳಿದರು, ಸಿನಿಮಾ ನಾಲ್ಕು ಪಟ್ಟಿಗೂ ಮೀರಿ ಬೆಳೆದು 20 ಕೋಟಿ ದಾಟಿತು. ಅದರ ಫಲ ಉಂಡದ್ದು 2008ರ ‘ದಿ ಡಾರ್ಕ್ ನೈಟ್’: ಮೊದಲ ವಾರಾಂತ್ಯಕ್ಕೇ 15.8 ಕೋಟಿ, ಒಟ್ಟು 53 ಕೋಟಿ ಡಾಲರ್. ಅದರ ಜೋಕರ್ ಪಾತ್ರದ ಬಗ್ಗೆ ಬಿಡುಗಡೆಗೆ ಮುಂಚೆಯೇ ಎದ್ದಿದ್ದ ಕುತೂಹಲವೂ ಸೇರಿತ್ತು ಎನ್ನುವುದು ನಿಜ. ಹಾಗಿದ್ದರೂ ಈ ಹನ್ನೊಂದು ವರ್ಷಗಳಲ್ಲಿ ಬ್ಯಾಟ್‌ಮ್ಯಾನ್ ಎಂಬ ಹೆಸರು ಜನರಿಗೆ ಎಂದೂ ಅಪರಿಚಿತವಾಗಿರಲಿಲ್ಲ. ಬದಲಾದದ್ದು ಆ ಹೆಸರಿನ ಮೇಲಿನ ನಂಬಿಕೆ.

ಇದೇ ಏಣಿಯನ್ನು ಹತ್ತಿದ್ದು ಅನಿಮೇಷನ್ ಸ್ಪೈಡರ್‌ಮ್ಯಾನ್. 2018ರ ‘ಇನ್‌ಟು ದಿ ಸ್ಪೈಡರ್‌ವರ್ಸ್’ ಮೊದಲ ವಾರಾಂತ್ಯಕ್ಕೆ ಮೂರೂವರೆ ಕೋಟಿ ಡಾಲರ್ ತಂದು, ನಿಧಾನಕ್ಕೆ ಬೆಳೆದು, ಆಸ್ಕರ್ ಗೆದ್ದಿತು. 2023ರಲ್ಲಿ ಅದರ ಮುಂದಿನ ಭಾಗ ಮೊದಲ ವಾರಾಂತ್ಯಕ್ಕೇ 12 ಕೋಟಿ ಎಳೆಯಿತು. ಭಾರತದಲ್ಲಿ ಅದು ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು.

ಉಲ್ಟಾ ದಾರಿಯೂ ಇದೆ. 2016ರ ‘ಸೂಯಿಸೈಡ್ ಸ್ಕ್ವಾಡ್’ ವಿಮರ್ಶಕರಿಂದ ಬೈಸಿಕೊಂಡರೂ 13 ಕೋಟಿ ಡಾಲರ್‌ನ ಓಪನಿಂಗ್ (ಮೊದಲ ವಾರಾಂತ್ಯದ ಗಳಿಕೆ) ಪಡೆದು, ಜಗತ್ತಿನಾದ್ಯಂತ 74 ಕೋಟಿ ದಾಟಿತು. ಕೆಟ್ಟ ಸಿನಿಮಾವೂ ಗೆಲ್ಲುತ್ತದೆ ಎನ್ನುವವರು ಇದನ್ನೇ ತೋರಿಸುತ್ತಾರೆ. ಅದರಲ್ಲಿದ್ದ ಹಾರ್ಲಿ ಕ್ವಿನ್ ಆಮೇಲೆ ಟೀಶರ್ಟು, ವೇಷಭೂಷಣಗಳಲ್ಲೆಲ್ಲ ಮಿಂಚಿದಳು. 2020ರ ಫೆಬ್ರವರಿಯಲ್ಲಿ ಅವಳನ್ನೇ ಮುಖ್ಯ ಪಾತ್ರವಾಗಿಸಿದ, ಒಳ್ಳೆಯ ವಿಮರ್ಶೆ ಪಡೆದ ‘ಬರ್ಡ್ಸ್ ಆಫ್ ಪ್ರೇ’ ಬಂದಾಗ ಓಪನಿಂಗ್ 3.3 ಕೋಟಿ, ಹಿಂದಿನದರ ಕಾಲುಭಾಗ. 17 ವರ್ಷದೊಳಗಿನವರು ದೊಡ್ಡವರ ಜೊತೆಗೇ ಬರಬೇಕು ಎಂಬ ‘ಆರ್’ ಪ್ರಮಾಣಪತ್ರ ಒಂದಿಷ್ಟು ಜನರನ್ನು ತಡೆದಿರಬಹುದು, ಆದರೆ ನಾಲ್ಕರಲ್ಲಿ ಮೂರು ಪಾಲು ಜನರನ್ನು ತಡೆಯುವಷ್ಟಲ್ಲ.

ಹಾಗೆಂದು ಸಿನಿಮಾ ಚೆನ್ನಾಗಿದ್ದರೆ ಸಾಕು ಎಂದೂ ಹೇಳಲಾಗದು. ಎರಡು ಬಗೆಯಲ್ಲಿ ಒಳ್ಳೆಯ ಸಿನಿಮಾ ಸೋಲುತ್ತದೆ. ಒಂದು, ಬಾಯಿಂದ ಬಾಯಿಗೆ ಸುದ್ದಿ ಹೋಗಬೇಕಾದರೆ ಮೊದಲು ಒಂದಿಷ್ಟು ಜನ ನೋಡಿರಬೇಕು. 2023ರ ‘ಬ್ಲೂ ಬೀಟಲ್’ ನೋಡಿದವರು ಮೆಚ್ಚಿದರು, ಪಟ್ಟು ಸುಮಾರು 2.9 ಇತ್ತು, ಆದರೆ ಎರಡೂವರೆ ಕೋಟಿಯ ಓಪನಿಂಗನ್ನು 2.9 ಪಟ್ಟು ಮಾಡಿದರೂ ಏಳು ಚಿಲ್ಲರೆ ಕೋಟಿಯೇ ಆಗುತ್ತದೆ. ಎರಡನೆಯದು ಆಗಲೇ ಹೇಳಿದ ಸಾಲ. 2025ರ ಫೆಬ್ರವರಿಯ ‘ಕ್ಯಾಪ್ಟನ್ ಅಮೆರಿಕ’ ನಿರಾಸೆ ಮಾಡಿದ ಬೆನ್ನಿಗೇ ಮೇ ತಿಂಗಳಲ್ಲಿ ಬಂದ, ಅದೇ ಮಾರ್ವೆಲ್ ಸರಣಿಯ ‘ಥಂಡರ್‌ಬೋಲ್ಟ್ಸ್’ಗೆ ಒಳ್ಳೆಯ ವಿಮರ್ಶೆ ಸಿಕ್ಕಿತು, ಪ್ರೇಕ್ಷಕರೂ ಮೆಚ್ಚಿದರು, ಜಗತ್ತಿನ ಗಳಿಕೆ ಮಾತ್ರ 38 ಕೋಟಿ ಡಾಲರ್‌ಗೆ ನಿಂತಿತು. 18 ಕೋಟಿ ಖರ್ಚಿನ ಸಿನಿಮಾಗೆ ಅದು ಸಾಲದು. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರಗಳಿಗೇ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ. ಹಾಗಾಗಿ ಹಾಲಿವುಡ್‌ನಲ್ಲಿ ತಯಾರಿಕೆಯ ಖರ್ಚಿನ ಎರಡೂವರೆ ಪಟ್ಟು ಗ್ರಾಸ್ (ಟಿಕೆಟ್ ಮಾರಾಟದ ಒಟ್ಟು ಮೊತ್ತ) ಬಂದರೆ ಅಸಲು ಎಂಬುದು ಅಂದಾಜಿನ ಲೆಕ್ಕ.

‘ಗುಣಮಟ್ಟ’ ಎಂದರೆ ಯಾರ ಅಳತೆ ಎಂಬುದನ್ನೂ ನೋಡಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ 90 ಶೇಕಡಾ ಎಂದರೆ ಸಿನಿಮಾಗೆ ನೂರಕ್ಕೆ 90 ಅಂಕ ಸಿಕ್ಕಿತು ಎಂದಲ್ಲ. ಹತ್ತರಲ್ಲಿ ಒಂಬತ್ತು ವಿಮರ್ಶಕರು ‘ಅಡ್ಡಿಯಿಲ್ಲ’ಕ್ಕಿಂತ ಮೇಲಿನದೇನನ್ನೋ ಹೇಳಿದ್ದಾರೆ, ಅಷ್ಟೇ. ಗಳಿಕೆಯ ಮಟ್ಟಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಿನಿಮಾಸ್ಕೋರ್. ಅಮೆರಿಕದಲ್ಲಿ ಮೊದಲ ದಿನ ಸಿನಿಮಾ ನೋಡಿ ಹೊರಬರುವವರ ಕೈಗೆ ಚೀಟಿ ಕೊಟ್ಟು ಪಡೆಯುವ ಗ್ರೇಡ್ ಅದು. ಓದುವಾಗ ಒಂದು ಎಚ್ಚರ ಬೇಕು: ಮೊದಲ ದಿನ ಹೋಗುವವರು ಅಭಿಮಾನಿಗಳು, ಅವರೇ ‘ಬಿ’ ಕೊಟ್ಟರೆ ಅದು ಕೆಟ್ಟ ಸುದ್ದಿ. ಬ್ಯಾಟ್‌ಮ್ಯಾನ್–ಸೂಪರ್‌ಮ್ಯಾನ್‌ಗೆ ಸಿಕ್ಕಿದ್ದು ‘ಬಿ’, ವಂಡರ್ ವುಮನ್‌ಗೆ ‘ಎ’. 2018ರ ‘ವೆನಮ್’ ವಿಮರ್ಶಕರಿಗೆ ಬೇಡವಾಗಿತ್ತು, ಪ್ರೇಕ್ಷಕರು ‘ಬಿ ಪ್ಲಸ್’ ಕೊಟ್ಟರು, ಚೀನಾದಲ್ಲಿ ಅದು ಭರ್ಜರಿ ಓಡಿತು, ಜಗತ್ತಿನ ಗಳಿಕೆ 85 ಕೋಟಿ ಡಾಲರ್. ಟ್ರೇಲರ್‌ನಲ್ಲಿ ತೋರಿಸಿದ್ದನ್ನು ಅದು ಕೊಟ್ಟಿತ್ತು. 2024ರ ಎರಡನೇ ‘ಜೋಕರ್’ ಹಾಡುಗಳ, ಕೋರ್ಟಿನ ಸಿನಿಮಾ ಆಗಿತ್ತು. ಮೊದಲನೆಯದರಂಥದ್ದನ್ನೇ ನಿರೀಕ್ಷಿಸಿ ಹೋದವರು ‘ಡಿ’ ಕೊಟ್ಟರು, ಎರಡನೇ ವಾರಾಂತ್ಯದ ಕುಸಿತ 81 ಶೇಕಡಾ. ಹಿಂದಿನ ಭಾಗ ನೂರು ಕೋಟಿ ಡಾಲರ್ ದಾಟಿದ್ದರೂ ಇದರ ಓಪನಿಂಗ್ ಕೂಡ ಬಿದ್ದುಹೋದದ್ದಕ್ಕೆ ಕಾರಣವಿದೆ: ಬಿಡುಗಡೆಗೆ ತಿಂಗಳು ಮೊದಲೇ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿ, ಕೆಟ್ಟ ಸುದ್ದಿ ಶುಕ್ರವಾರಕ್ಕಿಂತ ಮುಂಚೆಯೇ ಹೊರಬಿದ್ದಿತ್ತು.

ನಮ್ಮ ಕಡೆಗೆ ಬಂದರೆ, ಪಾತ್ರದ ಹೆಸರಿನ ಬಲವೇ ಇಲ್ಲದೆ ಸಿನಿಮಾ ಏನು ಮಾಡಬಲ್ಲದು ಎಂಬುದಕ್ಕೆ ಕೆರಾಡಿಯ ಮಣ್ಣಿನಿಂದ ಎದ್ದ ‘ಕಾಂತಾರ’ಕ್ಕಿಂತ ದೊಡ್ಡ ಸಾಕ್ಷಿ ಬೇಡ. ದೈವವನ್ನು ಸೂಪರ್‌ಹೀರೋಗಳ ಸಾಲಿಗೆ ಸೇರಿಸುವುದು ಸರಿಯಲ್ಲ, ಇಲ್ಲಿ ಹೇಳುತ್ತಿರುವುದು ಗಳಿಕೆಯ ನಡೆಯನ್ನು ಮಾತ್ರ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಬಂತು, ಹಿಂದಿಗೆ ಹೋದದ್ದು ಎರಡು ವಾರ ಕಳೆದು. ಹಿಂದಿಯಲ್ಲಿ ಮೊದಲ ದಿನದ ನೆಟ್ (ತೆರಿಗೆ ಕಳೆದ ಗಳಿಕೆ) ಒಂದೂಕಾಲು ಕೋಟಿ ರೂಪಾಯಿಯ ಆಸುಪಾಸು, ಕೊನೆಗೆ 80 ಕೋಟಿಯ ಹತ್ತಿರ. ಉತ್ತರದವರಿಗೆ ನಾಯಕನ ಹೆಸರೂ ಗೊತ್ತಿರಲಿಲ್ಲ, ಪಂಜುರ್ಲಿಯೂ ಗೊತ್ತಿರಲಿಲ್ಲ. ಆ ಸಿನಿಮಾ ಗಳಿಸಿದ ನಂಬಿಕೆಯ ಫಲ 2025ರ ಅಕ್ಟೋಬರ್ 2ರಂದು ‘ಕಾಂತಾರ: ಚಾಪ್ಟರ್ 1’ರ ಮೊದಲ ದಿನವೇ ಕಾಣಿಸಿತು. ಅಸಲಿ ಸೂಪರ್‌ಹೀರೋ ಬೇಕಿದ್ದರೆ ಗಡಿಯಾಚೆಯ ಮಲಯಾಳದ ‘ಲೋಕಃ’ ಇದೆ: 2025ರ ಓಣಂಗೆ ಬಂದು, ಸುಮಾರು 30 ಕೋಟಿ ಖರ್ಚಿನಲ್ಲಿ 300 ಕೋಟಿಯ ಮಟ್ಟ ಮುಟ್ಟಿತು. ಕಾಮಿಕ್ಸ್ ಹಿನ್ನೆಲೆ ಇರಲಿಲ್ಲ, ಆದರೆ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕಥೆ ಕೇರಳದ ಮನೆಮನೆಯಲ್ಲಿತ್ತು.

ಮಂಗಳೂರು, ಮಣಿಪಾಲದಲ್ಲಿ ಕೂತು ನೀವೇ ಇದನ್ನು ಪರೀಕ್ಷಿಸಬಹುದು. ಬುಕಿಂಗ್ ಆ್ಯಪ್‌ನಲ್ಲಿ ಒಂದೇ ಮಾಲ್, ಒಂದೇ ಭಾಷೆ, ಒಂದೇ ಹೊತ್ತಿನ ಶೋ ಆರಿಸಿಕೊಳ್ಳಿ, ಉದಾಹರಣೆಗೆ ಬಿಜೈಯ ಭಾರತ್ ಮಾಲ್‌ನಲ್ಲಿ ಸಂಜೆ ಏಳರ ಆಸುಪಾಸಿನದ್ದು. ಶುಕ್ರವಾರ ಶೋ ಶುರುವಾಗುವ ಹದಿನೈದು ನಿಮಿಷ ಮುಂಚೆ ತುಂಬಿದ ಸೀಟು ಎಣಿಸಿ, ಸೋಮವಾರ ಅದೇ ಹೊತ್ತಿಗೆ ಮತ್ತೆ ಎಣಿಸಿ. ಸೋಮವಾರ ಶುಕ್ರವಾರದ ಅರ್ಧಕ್ಕಿಂತ ಹೆಚ್ಚಿದ್ದರೆ ಸಿನಿಮಾ ಗಟ್ಟಿ. ಮೂರರಲ್ಲೊಂದು ಪಾಲಿಗೆ ಇಳಿದಿದ್ದರೆ ಹೆಸರಿನ ಬಲ ಮುಗಿಯಿತು. ಬುಧವಾರ, ಗುರುವಾರದ ಹೊತ್ತಿಗೆ ಮುಂದಿನ ವಾರದ ಶೋಗಳು ತೆರೆದುಕೊಳ್ಳುತ್ತವೆ, ಎಂಟಿದ್ದದ್ದು ಮೂರಾಯಿತೇ ನೋಡಿ.

ಇಲ್ಲಿ ಲೆಕ್ಕ ತಪ್ಪುವ ಜಾಗಗಳೂ ಇವೆ. ಗಳಿಕೆ ಇಳಿದಾಗ ಮಲ್ಟಿಪ್ಲೆಕ್ಸ್‌ನವರು ಸಿನಿಮಾವನ್ನು 250 ಸೀಟಿನ ಪರದೆಯಿಂದ 90 ಸೀಟಿನದ್ದಕ್ಕೆ ದಾಟಿಸುತ್ತಾರೆ. ಆಗ 80 ಸೀಟು ತುಂಬಿದರೂ ಹೌಸ್‌ಫುಲ್‌ನಂತೆ ಕಾಣುತ್ತದೆ. ಅದಕ್ಕೇ ಶೇಕಡಾ ಬಿಟ್ಟು ಸೀಟನ್ನೇ ಎಣಿಸಬೇಕು. ಬೂದು ಬಣ್ಣದ ಸೀಟೆಲ್ಲ ಮಾರಾಟವಾದದ್ದೂ ಅಲ್ಲ, ಕೆಲವನ್ನು ಚಿತ್ರಮಂದಿರದವರೇ ತಡೆದಿಟ್ಟಿರುತ್ತಾರೆ. ಸೋಮವಾರ ರಜೆ ಬಂದರೆ ಮಂಗಳವಾರವನ್ನು ಹಿಡಿಯಿರಿ. ಮಣಿಪಾಲದ ಇಂಗ್ಲಿಷ್ ಶೋಗಳು ವಿದ್ಯಾರ್ಥಿಗಳನ್ನು ನಂಬಿಕೊಂಡಿವೆ, ಪರೀಕ್ಷೆಯ ವಾರದ ಕುಸಿತಕ್ಕೆ ಸಿನಿಮಾವನ್ನು ದೂರುವಂತಿಲ್ಲ. ಹಾಲಿವುಡ್‌ನ ದೊಡ್ಡ ಸಿನಿಮಾಗಳು ಬರುವ ಜೂನ್, ಜುಲೈ ನಮ್ಮಲ್ಲಿ ಜಡಿಮಳೆಯ ಕಾಲ, ಕುಂದಾಪುರ, ಕಾರ್ಕಳದಿಂದ ರಾತ್ರಿ ಶೋಗೆ ಬರುವವರು ಆಗ ಕಡಿಮೆಯೇ. ಪೋಸ್ಟರಿನಲ್ಲಿ ಹಾಕುವ ‘ವಿಶ್ವಾದ್ಯಂತ ಗ್ರಾಸ್’ ಮೊತ್ತ ತೆರಿಗೆ ಸೇರಿಸಿದ್ದು, ಅದನ್ನು ಇನ್ನೊಂದು ಸಿನಿಮಾದ ನೆಟ್ ಜೊತೆ ಹೋಲಿಸಬೇಡಿ.

ಕೊನೆಯದಾಗಿ, ಜನ ಮೆಚ್ಚದ ಸಿನಿಮಾಗಳಿಗೂ ಅಷ್ಟೊಂದು ದುಡ್ಡು ಸುರಿಯುವುದೇಕೆ ಎಂಬುದಕ್ಕೆ ಉತ್ತರ ಟಿಕೆಟ್ಟಿನಲ್ಲೇ ಇದೆ. ಜಿಎಸ್‌ಟಿಯೂ ಸೇರಿ 250 ರೂಪಾಯಿಯ ಟಿಕೆಟ್ ತೆಗೆದುಕೊಳ್ಳಿ. 18 ಶೇಕಡಾ ಜಿಎಸ್‌ಟಿ ಕಳೆದರೆ ಸುಮಾರು 212 ಉಳಿಯುತ್ತದೆ. ಹಿಂದಿ ನಿರ್ಮಾಪಕರು ಮತ್ತು ಮಲ್ಟಿಪ್ಲೆಕ್ಸ್‌ಗಳ ನಡುವೆ 2009ರಲ್ಲಿ ಆದ ಒಪ್ಪಂದದ ಪ್ರಮಾಣ ಹಿಡಿದರೆ ಮೊದಲ ವಾರ ವಿತರಕರ ಪಾಲು 50 ಶೇಕಡಾ, ಎರಡನೇ ವಾರ 42.5, ಮೂರನೆಯದು 37.5, ನಾಲ್ಕನೆಯದು 30. ಅಂದರೆ ಮೊದಲ ವಾರ ಅದೇ ಟಿಕೆಟ್‌ನಿಂದ ವಿತರಕರಿಗೆ 106 ರೂಪಾಯಿ, ನಾಲ್ಕನೇ ವಾರ 64. ಚಿತ್ರಮಂದಿರದವರಿಗೆ ಮೊದಲ ವಾರ 106, ನಾಲ್ಕನೇ ವಾರ 148, ಜೊತೆಗೆ ಪಾಪ್‌ಕಾರ್ನ್ ವ್ಯಾಪಾರ ಪೂರ್ತಿ ಅವರದ್ದೇ. ನಿರ್ಮಾಪಕರ ಕಣ್ಣು ಮೊದಲ ಶುಕ್ರವಾರದ ಮೇಲಿರುವುದೂ, ಚಿತ್ರಮಂದಿರದವರು ನಿಧಾನಕ್ಕೆ ಓಡುವ ಒಳ್ಳೆಯ ಸಿನಿಮಾಗೆ ಕಾಯುವುದೂ ಈ ಲೆಕ್ಕದಿಂದಲೇ. ಈಗ ದಕ್ಷಿಣದ ಬಹಳಷ್ಟು ಸಿನಿಮಾಗಳು ನಾಲ್ಕು ವಾರಕ್ಕೇ ಓಟಿಟಿಗೆ ಬರುವುದರಿಂದ ಆ ನಾಲ್ಕನೇ ವಾರವೇ ಕರಗುತ್ತಿದೆ, ಹೆಸರಿಲ್ಲದ ಒಳ್ಳೆಯ ಸಿನಿಮಾಗೆ ಸುದ್ದಿ ಹರಡಲು ಸಿಗುವ ದಿನಗಳೂ ಅಷ್ಟೇ ಕಡಿಮೆಯಾಗುತ್ತಿವೆ.